ಹಿಡಿಯದ ಬೆಸುಗೆ

ಸೈಕಲ್ಲಿನ ಪ್ಲಾಸ್ಟಿಕ್ ಸೀಟು ಒಮ್ಮೆಗೇ ಒಡೆಯುವುದಿಲ್ಲ. ಮೊದಲು ಬಿಸಿಲಿಗೆ ಅದರ ಕಪ್ಪು ಬಿಳಿಚಿಕೊಳ್ಳುತ್ತದೆ. ಆಮೇಲೆ ಕೆಳಗಿನ ಕಂಬಿ ಕಚ್ಚಿಕೊಂಡ ಜಾಗದಲ್ಲಿ ಕೂದಲೆಳೆಯಂಥ ಗೆರೆಯೊಂದು ಮೂಡುತ್ತದೆ. ಕೂತವರಿಗೆ ಅದು ಕಾಣಿಸುವುದಿಲ್ಲ. ಒಂದು ದಿನ ತೊಡೆಯನ್ನು ಚಿವುಟಿದಾಗಲೇ ಗೊತ್ತಾಗುವುದು. ಹಾಗೆ ಚಿವುಟಿಸಿಕೊಂಡವರು ಸೀಟು ಬಿಚ್ಚಿ, ಕಂಕುಳಲ್ಲಿ ಇಟ್ಟುಕೊಂಡು, ಹುಡುಕಿಕೊಂಡು ಬರುತ್ತಿದ್ದದ್ದು ಸೀಟಣ್ಣನನ್ನು.

ಎರಡು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಉಳಿದ ಮೂಲೆಯೇ ಅವನ ಅಂಗಡಿ. ಒಳಗೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ಮಹಡಿಗೆ ಹೋಗುವವರೆಲ್ಲ ಅವನ ತಲೆಯ ಮೇಲಿಂದಲೇ ಹತ್ತಬೇಕು. ಅವರ ಚಪ್ಪಲಿಯ ಮಣ್ಣು ಹಲಗೆಯ ಸಂದಿನಿಂದ ಉದುರಿ ಅವನ ಕೂದಲು ಸೇರಬೇಕು. ಪಕ್ಕದ ಅಂಗಡಿ ದರ್ಜಿಯದು. ಸೀಟಣ್ಣ ಎಂಬ ಹೆಸರಿಟ್ಟವನೂ ಅವನೇ. "ನಾನು ಊರಿನವರ ಮಾನ ಮುಚ್ತೀನಿ, ನೀನು ಅದನ್ನೇ ಹೊರ್ತೀಯ," ಎಂದು ಬಂದವರೆದುರು ತಮಾಷೆ ಮಾಡುತ್ತಿದ್ದ. ಸೀಟಣ್ಣ ತಲೆ ಎತ್ತುತ್ತಿರಲಿಲ್ಲ. ನೀನು ಹೊಲಿದದ್ದು ಹರಿದರೆ ಜನ ನಗ್ತಾರೆ, ನಾನು ಬೆಸೆದದ್ದು ಬಿಟ್ಟರೆ ಬೀಳ್ತಾರೆ, ಎನ್ನುತ್ತಿದ್ದ.

ಬಂದ ಸೀಟನ್ನು ಮೊದಲು ಸೋಪಿನ ನೀರಲ್ಲಿ ತಿಕ್ಕಿ ತೊಳೆಯುತ್ತಿದ್ದ. ಕೊಳೆ ಹೋದ ಮೇಲೆಯೇ ಬಿರುಕಿನ ನಿಜವಾದ ಉದ್ದ ಕಾಣುವುದು. ಅದರ ಎರಡೂ ತುದಿಗೆ ಸಣ್ಣ ತೂತು ಕೊರೆಯುತ್ತಿದ್ದ. ಕೊರೆಯದಿದ್ದರೆ ಬಿರುಕು ಬೆಸುಗೆಯ ಅಡಿಯಲ್ಲೇ ಇರುವೆಯ ಹಾಗೆ ಹರಿದು ಮುಂದೆ ಹೋಗುತ್ತದೆ. ಆಮೇಲೆ ಚಾಕುವಿನಿಂದ ಬಿರುಕನ್ನು ಕೆತ್ತಿ ಕಾಲುವೆ ಮಾಡಿ, ಕಾದ ಕಬ್ಬಿಣದ ಕಡ್ಡಿಯಿಂದ ಎರಡೂ ದಡ ಕರಗಿಸಿ, ಹಳೆಯ ಪ್ಲಾಸ್ಟಿಕ್ಕಿನಿಂದ ಸೀಳಿದ ಒಂದು ಎಳೆಯನ್ನು ಅದರೊಳಗೆ ಕರಗಿಸಿ ತುಂಬುತ್ತಿದ್ದ. ಆರಿದ ಮೇಲೆ ಅರ, ಅದಾದ ಮೇಲೆ ಉಪ್ಪುಕಾಗದ. ಕೊನೆಗೆ ಬಿಳಿಚಿದ ಸೀಟನ್ನು ಸ್ಟವ್ವಿನ ಉರಿಯ ಮೇಲೆ ತಾಗಿಯೂ ತಾಗದ ಹಾಗೆ ಆಡಿಸಿದರೆ, ಒಳಗೆ ಉಳಿದಿದ್ದ ಕಪ್ಪು ಬೆವರಿನ ಹಾಗೆ ಮೇಲಕ್ಕೆ ಬರುತ್ತಿತ್ತು. ಹೊಸದರ ಹಾಗೆ ಕಾಣುತ್ತಿತ್ತು ಎನ್ನಲಾರೆ. ಕಾಯಿಲೆಯಿಂದ ಎದ್ದವರ ಮುಖದ ಹಾಗೆ ಕಾಣುತ್ತಿತ್ತು.

ಇದೆಲ್ಲ ಕೈ ಕಲಿಯುವ ಕೆಲಸ. ಕೈ ಕಲಿಯಲಾರದ್ದು ಒಂದೇ, ಯಾವ ಸೀಟಿಗೆ ಯಾವ ಎಳೆ ಎಂಬುದು. ಕಣ್ಣಿಗೆ ಪ್ಲಾಸ್ಟಿಕ್ಕೆಲ್ಲ ಒಂದೇ. ಆದರೆ ಬಕೆಟ್ಟಿನ ಜಾತಿಯದು ಸೀಟಿನ ಜಾತಿಗೆ ಸೇರುವುದಿಲ್ಲ. ಕರಗಿಸಿ ಹಾಕಿದರೆ ಕೂತುಕೊಳ್ಳುತ್ತದೆ, ಹೊಳೆಯುತ್ತದೆ, ಉಗುರಿಗೂ ಸಿಗುವುದಿಲ್ಲ. ಆದರೂ ಅದು ಬೆಸುಗೆಯಲ್ಲ, ಹುಣ್ಣಿನ ಮೇಲಿನ ಹಕ್ಕಳೆ. ಭಾರ ಬಿದ್ದು ಬಿದ್ದು ಒಂದು ದಿನ ಇಡಿಯಾಗಿ ಎದ್ದು ಬರುತ್ತದೆ. ಎರಡನ್ನೂ ಬೇರೆ ಮಾಡಲು ಸೀಟಣ್ಣನಿಗೆ ಇದ್ದದ್ದು ಮೂಗು. ಎಳೆಯ ತುದಿಗೆ ಬೆಂಕಿ ತಾಗಿಸಿ, ಊದಿ ಆರಿಸಿ, ಹೊಗೆ ಮೂಸುತ್ತಿದ್ದ. ಬಕೆಟ್ಟಿನದಾದರೆ ಆರಿಸಿದ ಮೇಣದಬತ್ತಿಯ ವಾಸನೆ. ಸೀಟಿನದಾದರೆ ಅದಕ್ಕಿಂತ ಖಾರ, ಬಿಸಿ ಡಾಂಬರಿನ ಹತ್ತಿರದ್ದು.

ಆ ಮೂಗು ಹೋಗುತ್ತಾ ಬಂದಿತ್ತು. ಮೆಟ್ಟಿಲ ಕೆಳಗೆ ಹೊಗೆಗೆ ದಾರಿ ಇರಲಿಲ್ಲ. ವರ್ಷಗಟ್ಟಲೆ ಅದು ಅವನೊಳಗೇ ಹೋಗಿತ್ತು. ಮೊದಲು ಸೋಪಿನ ವಾಸನೆ ಹೋಯಿತು, ಆಮೇಲೆ ಹೆಂಡತಿಯ ತಲೆಗೆಣ್ಣೆಯದು. ನೆಗಡಿ ಎಂದುಕೊಂಡ. ಮೂಗಿರೋ ತನಕ ನೆಗಡಿ ತಪ್ಪಿದ್ದಲ್ಲ ಎಂದು ದರ್ಜಿಯ ಎದುರು ನಕ್ಕ. ನೆಗಡಿ ಹೋಗದೆ ಉಳಿದಾಗ ನಗುವುದನ್ನು ಬಿಟ್ಟ, ಆದರೆ ಯಾರಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಮಕ್ಕಳಿಲ್ಲದ ಮನೆ; ಇಬ್ಬರ ಊಟವೂ ಆ ಮೆಟ್ಟಿಲ ಕೆಳಗಿನಿಂದಲೇ ಬರಬೇಕು.

ಹೊಗೆ ಮೂಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಏನೂ ಬರದಿದ್ದರೂ ತಲೆಯಾಡಿಸಿ, ಕೈಗೆ ಸರಿ ಅನ್ನಿಸಿದ ಎಳೆಯನ್ನೇ ಎತ್ತಿಕೊಳ್ಳುತ್ತಿದ್ದ. ಮುರಿದ ಸೀಟುಗಳಿಂದ ತಾನೇ ಹಿಂದೆ ಸೀಳಿಟ್ಟ ಎಳೆಗಳು ಇರುವವರೆಗೆ ಅದರಿಂದ ಕೇಡಾಗಲಿಲ್ಲ. ಅವು ಮುಗಿದವು. ಗುಜರಿ ಅಂಗಡಿಯಿಂದ ಒಡೆದ ಕಪ್ಪು ಚೂರುಗಳ ಒಂದು ಚೀಲ ತಂದು ಅದರಿಂದ ಹೊಸ ಎಳೆ ಸೀಳಿಕೊಂಡ. ಹೀಗಿರುವಾಗ ಆ ಹೆಂಗಸು ಬಂದಳು.

ಅವಳು ತಂದದ್ದು ದೊಡ್ಡವರ ಸೀಟಲ್ಲ. ಸೈಕಲ್ಲಿನ ಹಿಂದೆ ಕಚ್ಚಿಸುವ, ಬೆನ್ನಿಗೆ ಆಸರೆ, ಕಾಲಿಡಲು ಗೂಡು ಇರುವ ಮಕ್ಕಳ ಸೀಟು. ಅವಳು ಕೆಲಸ ಮಾಡುವ ಕಡೆ ಯಾರೋ ಬಿಸಾಕಿದ್ದಂತೆ. ಕ್ಯಾರಿಯರ್ ಹಿಡಿಯುವ ಕೊಕ್ಕೆಯ ಬುಡದಲ್ಲಿ ಸೀಳಿತ್ತು. ಮಗುವನ್ನು ಬಾಲವಾಡಿಗೆ ಬಿಟ್ಟು ಕೆಲಸಕ್ಕೆ ಓಡಬೇಕು, ಸೊಂಟದ ಮೇಲೆ ಹೊತ್ತುಕೊಂಡು ನಡೆದರೆ ಹೊತ್ತಾಗುತ್ತದೆ, ಎಂದಳು. ಅವಳು ಮಾತಾಡುತ್ತಿದ್ದ ಹಾಗೇ ಮಗು ಸೊಂಟದಿಂದ ಜಾರಿ, ನೆಲದ ಮೇಲಿದ್ದ ಸೀಟಿನಲ್ಲಿ ಹತ್ತಿ ಕೂತು, ಬೆಲ್ ಮಾಡುವಂತೆ ನಾಲಿಗೆ ಹೊರಳಿಸಿ, "ಅಜ್ಜಾ, ಸರೀ," ಎಂದಿತು. ಸೀಟಣ್ಣ ಮೆಟ್ಟಿಲಿಗೆ ತಲೆ ತಾಗುವಷ್ಟು ಹಿಂದೆ ಸರಿದು ದಾರಿ ಬಿಟ್ಟ.

"ಗಟ್ಟಿ ಆಗುತ್ತಾ ಅಣ್ಣಾ?" ಎಂದು ಅವಳು ಕೇಳಿದಳು.

"ಆಗುತ್ತೆ ತಾಯಿ."

ತೊಳೆದಾಗ ಸೀಟಿನ ಮೂಲೆಗಳಿಂದ ಬಿಳಿಯ ಅಂಟು ಬಂತು. ಬೆರಳಲ್ಲಿ ಉಜ್ಜಿ ನೋಡಿದ, ಹಿಟ್ಟು. ಕೊಕ್ಕೆಯ ಬುಡವನ್ನು ಯಾವತ್ತಿಗಿಂತ ಆಳವಾಗಿ ಕೆತ್ತಿದ. ಹೊಸ ಚೀಲದ ಎಳೆಯೊಂದನ್ನು ಸುಟ್ಟು ಮೂಸಿದ. ಏನೂ ಇರಲಿಲ್ಲ. ತಲೆಯಾಡಿಸಿದ. ಬೆಸೆದು ಮುಗಿದ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತಿ ನೋಡಿದ, ಅಲ್ಲಾಡಲಿಲ್ಲ. ಮರುದಿನ ಅವಳು ಬಂದು ಸೀಟನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಮುರಿದಿತ್ತು ಅಂತಲೇ ಗೊತ್ತಾಗಲ್ಲ ಎಂದು ಹಿಗ್ಗಿ ತೆಗೆದುಕೊಂಡು ಹೋದಳು.

ಅದಾಗಿ ಕೆಲವು ದಿನ. ಹೆಂಡತಿ ಮಧ್ಯಾಹ್ನದ ಬುತ್ತಿ ತಂದು ಮೆಟ್ಟಿಲ ಅಂಚಿಗೆ ಬಗ್ಗಿದಾಗ ಸೀಟಣ್ಣ ಅದೇ ಚೀಲದ ಎಳೆ ಸುಟ್ಟು ಊದುತ್ತಿದ್ದ.

"ಏನ್ರೀ ಇದು, ಹಾಡುಹಗಲಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದೀರಾ?"

ಅವಳು ಛೇಡಿಸಿದ್ದು ಅಷ್ಟೇ. ಅವನ ಕೈ ನಿಂತುಬಿಟ್ಟಿತು. ಏನು ವಾಸನೆ ಅಂದೆ ಎಂದು ಕೇಳಿದ. ಮೇಣದಬತ್ತಿ, ಊದಿ ಆರಿಸಿದ್ದು, ಎಂದಳು. ರಿಪೇರಿಗೆ ಬಂದಿದ್ದ ಸೀಟಿನಿಂದ ಒಂದು ಸಿಪ್ಪೆ ಕೆತ್ತಿ, ಸುಟ್ಟು, ಅವಳ ಮೂಗಿನ ಹತ್ತಿರ ಹಿಡಿದ. ಇದು ಬೇರೆ, ಗಂಟಲು ಹಿಡಿಯುತ್ತೆ, ಎಂದು ಅವಳು ಮುಖ ಆಚೆ ಮಾಡಿದಳು. ಬೆಳಿಗ್ಗೆ ಬೆಸೆದು ಗೋಡೆಗೆ ನಿಲ್ಲಿಸಿದ್ದ ಇನ್ನೊಂದು ಸೀಟನ್ನು ಎತ್ತಿಕೊಂಡು, ಬೆಸುಗೆಯ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಬಾಳೆಹಣ್ಣಿನ ಸಿಪ್ಪೆಯಷ್ಟು ಸಲೀಸಾಗಿ, ಒಂದೇ ಪಟ್ಟಿಯಾಗಿ ಎದ್ದು ಬಂತು.

ಹೆಂಡತಿ ಆ ಪಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. ಬುತ್ತಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ತಲೆಗೆ ಹೊಸ ಎಣ್ಣೆ ಹಚ್ಚಿಕೊಂಡಿದ್ದೀನಿ, ವಾಸನೆ ಹೇಗಿದೆ ಅಂತ ಆವತ್ತು ಕೇಳಿದೆ. ಚೆನ್ನಾಗಿದೆ ಅಂದ್ರಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಂದು ಮಕ್ಕಳ ಸೀಟು ಹೋಗಿದೆ ಕಣೇ," ಎಂದ. "ಅದು ಮುರಿಯೋದಕ್ಕೆ ಮುಂಚೆ ನಾನು ಅದನ್ನ ಬಿಚ್ಚಬೇಕು."

ಸೀಟು ಒಯ್ದವಳ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಗೊತ್ತಿದ್ದದ್ದು ಸೀಟಿನ ಮೂಲೆಯ ಹಿಟ್ಟು. ಹಿಟ್ಟೆಂದರೆ ಒಂದೋ ಗಿರಣಿ, ಇಲ್ಲವೇ ಬ್ರೆಡ್ಡಿನ ಕಾರ್ಖಾನೆ. ಅವನು ಸ್ಟವ್ ಆರಿಸುವುದನ್ನು ಕಂಡು ದರ್ಜಿ ಕತ್ತರಿ ಹಿಡಿದೇ ಹೊರಗೆ ಬಂದ. ವಿಷಯ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ. ನಾನು ಮಾಡಿದ್ದು ಮುರಿಯುತ್ತೆ ಅಂತ ಯಾರಾದರೂ ಬೀದೀಲಿ ಸಾರಿಕೊಂಡು ಹೋಗ್ತಾರೇನಯ್ಯಾ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುರಿದರೂ ಹಳೇ ಸೀಟು ಅಂದ್ಕೋತಾರೆ, ಸುಮ್ಮನೆ ಕೂತ್ಕೋ ಎಂದ. ಕೆಟ್ಟವನಲ್ಲ ದರ್ಜಿ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಿ, ಮೂಗು ನಂದಿರಲಿ, ಕಾಲು ನಿಮ್ಮದು," ಎಂದಳು. ಬುತ್ತಿ ಬಿಚ್ಚದೆ ಹಾಗೇ ಉಳಿಯಿತು.

ಗಿರಣಿಯಲ್ಲಿ ಅಂಥ ಹೆಂಗಸು ಯಾರೂ ಇರಲಿಲ್ಲ. ಬ್ರೆಡ್ಡಿನ ಕಾರ್ಖಾನೆ ಊರಿನ ಇನ್ನೊಂದು ತುದಿಗೆ. ಹಿಂದಿನ ಗೇಟಿನ ಹತ್ತಿರ ಬಂದಾಗ ಹೆಂಡತಿ ಒಂದು ಗಳಿಗೆ ನಿಂತು ಉಸಿರೆಳೆದುಕೊಂಡಳು, ಹಸಿದಿದ್ದಳು. ಅವನ ಮುಖಕ್ಕೆ ಬಡಿದದ್ದು ಬರೀ ಶಾಖ. ತಲೆಗೆ ಬಿಳಿ ಟೋಪಿ ಹಾಕಿಕೊಂಡ ಒಬ್ಬಳು ಟ್ರೇ ತೊಳೆಯುತ್ತಿದ್ದಳು. ಅವಳನ್ನು ವಿಚಾರಿಸಿದರು. ಸೈಕಲ್ಲಿನ ಹಿಂದೆ ಮಗೂನ ಕೂರಿಸಿಕೊಂಡು ಬರುತ್ತಿದ್ದವಳಾ, ಎಂದು ಅವಳೇ ಕೇಳಿದಳು. ಬರುತ್ತಿದ್ದವಳು ಅಂದರೆ, ಈಗ? ಎಂದ ಸೀಟಣ್ಣ.

"ಈಗ ಬರ್ತಿಲ್ಲ. ಮಗು ಬಿತ್ತಲ್ಲ."

ಅವನು ಗೇಟಿನ ಸರಳು ಹಿಡಿದುಕೊಂಡ. ಮನೆಯ ದಾರಿ ಕೇಳಿಕೊಂಡವಳು ಹೆಂಡತಿ.

ಸಾಲುಮನೆಗಳಲ್ಲಿ ಕೊನೆಯದು. ತಾಯಿ ಹೊಸ್ತಿಲ ಹೊರಗೆ, ಗೋಡೆಗೆ ಒರಗಿ ಕೂತಿದ್ದಳು. ತನ್ನ ಮನೆಯ ಮುಂದೆ ತಾನೇ ಯಾರನ್ನೋ ಕಾಯುತ್ತಿರುವವಳ ಹಾಗೆ. ಒಳಗೆ ಮಂಚದ ಮೇಲೆ ಅವಳ ಅತ್ತೆಯ ತೊಡೆಗೆ ತಲೆ ಕೊಟ್ಟು ಮಗು ಮಲಗಿತ್ತು. ಅದರ ಒಂದು ಕಣ್ಣಿಗೆ, ಅರ್ಧ ಮುಖ ಮುಚ್ಚುವಂತೆ, ಪಟ್ಟಿ ಕಟ್ಟಿದ್ದರು. ಸೀಟಣ್ಣನನ್ನು ಕಂಡು ತಾಯಿ ಗಡಬಡಿಸಿ ಎದ್ದಳು; ಅವನು ಬಾಯಿ ತೆರೆಯುವ ಮೊದಲೇ, ಸುದ್ದಿ ಕೇಳಿ ಬಂದ್ರಾ ಅಣ್ಣಾ, ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ, ನಾನೇ ಹಳ್ಳ ನೋಡಲಿಲ್ಲ, ಎಂದಳು. ಆ ಬೆಳಿಗ್ಗೆ ತಡವಾಗಿತ್ತು, ಜೋರಾಗಿ ತುಳಿಯುತ್ತಿದ್ದಳು. ಹಳ್ಳದಲ್ಲಿ ಸೈಕಲ್ ಕುಕ್ಕಿ ಎದ್ದಿತು. ಆಮೇಲೆ ಪೆಡಲು ಹಗುರಾಯಿತು. ಹಗುರಾಯಿತಲ್ಲ ಎಂದು ಅವಳಿಗೆ ಸಂತೋಷವೇ ಆಗಿತ್ತು. ಸ್ವಲ್ಪ ದೂರ ಹಾಗೇ ಹೋಗಿದ್ದಳು.

ಇಷ್ಟನ್ನು ಅವಳು ಬೇರೆಯವರ ಕಥೆ ಹೇಳಿದ ಹಾಗೆ ಹೇಳಿದಳು. ಊತ ಇಳಿಯುವವರೆಗೆ ಕಣ್ಣಿನ ಬಗ್ಗೆ ಏನೂ ಹೇಳಲಾಗದು ಎಂದಿದ್ದರಂತೆ ಡಾಕ್ಟರು. ಹಿಂದೆ ಮಗು ಇದೆಯೋ ಇಲ್ಲವೋ ತಿಳಿಯದ ತಾಯಿ ಇದ್ದರೆಷ್ಟು, ಬಿಟ್ಟರೆಷ್ಟು ಎಂದಿದ್ದನಂತೆ ಗಂಡ. ಅತ್ತೆ ಅವಳ ಕೈಗೆ ಮಗುವನ್ನು ಕೊಡುತ್ತಿರಲಿಲ್ಲ. ಮರುದಿನ ಮಗುವನ್ನು ಕರೆದುಕೊಂಡು ತನ್ನ ಮಗಳ ಊರಿಗೆ ಹೊರಡುವವಳಿದ್ದಳು. ಯಾವಾಗ ವಾಪಸು ಎಂದು ಕೇಳುವ ಧೈರ್ಯ ತಾಯಿಗೆ ಇರಲಿಲ್ಲ.

ಸೀಟಣ್ಣ ಸೀಟು ಎಲ್ಲಿದೆ ಎಂದ. ಹೊರಗೆ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ತಿರುವಿ ನೋಡಿದ. ಕೊಕ್ಕೆಯ ಬುಡದಲ್ಲಿ ಅವನು ಕೆತ್ತಿದ ಕಾಲುವೆ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಅವನು ತುಂಬಿದ ಎಳೆ ಒಂದು ತುದಿಯಲ್ಲಿ ಜೋತಾಡುತ್ತಿತ್ತು. ಆ ಮನೆಯಲ್ಲಿ ಬೇರೆ ಯಾರಿಗೂ ಅದು ಮುರಿದ ಹಳೇ ಸೀಟು, ಅಷ್ಟೇ. ತಪ್ಪಿಲ್ಲ ಎಂದು ತಾಯಿಯೇ ಹೇಳಿಯಾಗಿತ್ತು. ನಮಸ್ಕಾರ ಹೇಳಿ ಬೀದಿಗೆ ಇಳಿದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಹೆಂಡತಿ ಅವನ ಕಡೆ ನೋಡದೆ ಸಾಲುಮನೆಯ ನಲ್ಲಿಯ ಕಡೆ ನೋಡುತ್ತಾ ನಿಂತಿದ್ದಳು.

ಅವನು ಹೊಸ್ತಿಲು ದಾಟಿ ಒಳಗೆ ಹೋಗಿ ಅತ್ತೆಯ ಮುಂದೆ ನಿಂತ.

"ಅಮ್ಮಾ, ಇವಳ ತಪ್ಪಲ್ಲ. ನಂದು. ಸೇರದೇ ಇರೋದನ್ನ ಸೇರಿಸಿ ಕೊಟ್ಟೆ. ಹಳ್ಳ ಇಲ್ಲದಿದ್ರೂ ಇದು ಬಿಡ್ತಿತ್ತು. ಮೂಸಿ ನೋಡಿ ಹಾಕಬೇಕಾಗಿತ್ತು, ನನಗೆ ವಾಸನೆ ಬರಲ್ಲ."

ಅತ್ತೆ ಅವನನ್ನು ಕಾಲಿಂದ ತಲೆಯವರೆಗೆ ಅಳೆದಳು. "ಚೆನ್ನಾಗಿ ಹೇಳಿಕೊಟ್ಟಿದ್ದಾಳೆ," ಎಂದಳು. "ಮಗು ಬಿದ್ದಿದ್ದು ಇವಳ ಕೈಯಿಂದ, ಕಾರಣ ಇನ್ಯಾರದೋ ಮೂಗು. ಇಷ್ಟು ದಿನ ಎಲ್ಲಿತ್ತಪ್ಪಾ ಈ ಮೂಗು?"

ಅವನು ಎಳೆ ತೋರಿಸಿದ, ಕಾಲುವೆ ತೋರಿಸಿದ, ಬಕೆಟ್ಟು, ಮೇಣದಬತ್ತಿ ಎಂದೆಲ್ಲ ಹೇಳಿದ. ಹೇಳಿದಷ್ಟೂ ಅದು ಕಟ್ಟುಕಥೆಯ ಹಾಗೆ ಕೇಳಿಸುತ್ತಾ ಹೋಯಿತು. ಅತ್ತೆ ಮಗುವಿನ ತಲೆಯನ್ನು ದಿಂಬಿನ ಮೇಲಿಟ್ಟು, ಎದ್ದು ಅಡಿಗೆಮನೆಗೆ ಹೋದಳು. ಸ್ಟೀಲಿನ ಲೋಟ ಹಿಡಿದು ವಾಪಸು ಬಂದಳು.

"ಬಿಸಿಲಲ್ಲಿ ಬಂದಿದ್ದೀರಿ. ಮೊದಲು ನೀರು ಕುಡೀರಿ, ಆಮೇಲೆ ಮಾತು."

ಅವನಿಗೆ ನಿಜಕ್ಕೂ ಬಾಯಾರಿತ್ತು. ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ಬಾಯಿಗೆತ್ತಿದ. ಅಂಚು ತುಟಿಗೆ ತಾಗುವಷ್ಟರಲ್ಲಿ ಅತ್ತೆ ಲೋಟವನ್ನು ಹಿಡಿದು ಕಿತ್ತುಕೊಂಡಳು. ಅರ್ಧ ಅವನ ಅಂಗಿಯ ಮೇಲೆ ಚೆಲ್ಲಿತು. ಹೊಸ್ತಿಲ ಹೊರಗಿದ್ದ ಇಬ್ಬರು ಹೆಂಗಸರೂ ಒಮ್ಮೆಗೇ ಒಳಗೆ ತಿರುಗಿದರು. ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮನೆ ತುಂಬ ಸೀಮೆಎಣ್ಣೆಯ ವಾಸನೆ.

ಸಿಟ್ಟಿನಲ್ಲಿ ಕಿತ್ತುಕೊಂಡಳು ಎಂದುಕೊಂಡ ಸೀಟಣ್ಣ.

"ಇರಲಿ ಬಿಡೀಮ್ಮಾ," ಎಂದ. "ನೀರು ತಾನೆ, ಆರುತ್ತೆ."

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಅಂಗಿಯನ್ನು ನೋಡಿಕೊಂಡ, ಬೆರಳಲ್ಲಿ ಒದ್ದೆಯನ್ನು ಉಜ್ಜಿದ. ಜಿಡ್ಡು ಗೊತ್ತಾಗಿದ್ದು ಆಗ.

ಅತ್ತೆ ಲೋಟವನ್ನು ನೆಲಕ್ಕಿಟ್ಟಳು. ಮಂಚದ ಹತ್ತಿರ ಹೋಗಿ ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸ್ತಿಲಿಗೆ ತಂದು, ಸೊಸೆಯ ಕೈಗೆ ಕೊಟ್ಟಳು. ಸೊಸೆಯ ಮುಖ ನೋಡಲಿಲ್ಲ. ನಾಳೆ ನಾನು ಹೊರಡಲ್ಲ ಎಂದಷ್ಟೇ ಗೋಡೆಗೆ ಹೇಳಿದ ಹಾಗೆ ಹೇಳಿ ಒಳಗೆ ಹೋದಳು. ಮಗು ತಾಯಿಯ ಜಡೆಯ ತುದಿಯನ್ನು ಹಿಡಿದುಕೊಂಡಿತು. ತಾಯಿ ಅದರ ಪಟ್ಟಿ ಇಲ್ಲದ ಕಡೆಯ ಕೆನ್ನೆಗೆ ತನ್ನ ಕೆನ್ನೆ ಒತ್ತಿ ಬಹಳ ಹೊತ್ತು ಹಾಗೇ ಇದ್ದಳು.

ಆಮೇಲೆ ತಲೆಯೆತ್ತಿದಳು. ಅವಳ ದನಿ ಮೊದಲಿನದಾಗಿರಲಿಲ್ಲ.

"ನನ್ನ ಸೀಟು ಮಾಡೋವಾಗ, ಮೂಗು ಹೋಗಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ 'ಆಗುತ್ತೆ ತಾಯಿ' ಅಂದ್ರಿ."

ಹೋಗಿ, ಎಂದಳು ಅವಳು. ಬೈಯಲಿಲ್ಲ. ಬೈದಿದ್ದರೆ ಅಷ್ಟಾದರೂ ಹೊತ್ತುಕೊಂಡು ಹೋಗಬಹುದಿತ್ತು.

ದಾರಿಯಲ್ಲಿ ಹೆಂಡತಿ ಅವನ ಅಂಗಿ ಬಿಚ್ಚಿಸಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಬನಿಯನ್ನಿನಲ್ಲೇ ನಡೆದ. ಊರು ಅರ್ಧ ದಾಟಿದ ಮೇಲೆ, ಆ ಚೀಲದಿಂದ ಇನ್ನೂ ಹೋಗಿವೆ ಎಂದ. ಎಷ್ಟು ಎಂದು ಅವಳು ಕೇಳಿದಳು. ಅದೇ ಗೊತ್ತಿಲ್ಲ ಎಂದ.

ಮರುದಿನದಿಂದ ಮೆಟ್ಟಿಲ ಕೆಳಗೆ ಸ್ಟವ್ ಹೊತ್ತಲಿಲ್ಲ. ದರ್ಜಿ ಬಂದವರಿಗೆಲ್ಲ, ಈಗ ಮಾಡಲ್ಲ, ಬೇರೆ ಕಡೆ ನೋಡಿ, ಎನ್ನುತ್ತಿದ್ದ, ತಮಾಷೆ ಸೇರಿಸುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೈಕಲ್ ನಿಲ್ಲುವ ಜಾಗಗಳನ್ನು ಸುತ್ತತೊಡಗಿದರು. ಕಾರ್ಖಾನೆಯ ಗೇಟು, ಆಸ್ಪತ್ರೆಯ ಹಿತ್ತಲು, ಶಾಲೆಯ ಗೋಡೆ. ಬೇರೆಯವರಿಗೆ ಕಾಣದಿದ್ದರೂ ತನ್ನ ಬೆಸುಗೆ ಬಗ್ಗಿ ನೋಡಿದರೆ ಅವನಿಗೆ ಗುರುತು ಸಿಗುತ್ತಿತ್ತು, ಅರ ಉಜ್ಜಿದ ನವಿರು ಗೀರುಗಳು ಎಡಕ್ಕೆ ವಾಲಿರುತ್ತಿದ್ದವು. ಸೈಕಲ್ಲಿನವರು ಬರುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತಿದ್ದ. ಬಂದವರಿಗೆ ಸಂಗತಿ ಹೇಳುತ್ತಿದ್ದ, ನನಗೆ ವಾಸನೆ ಬರಲ್ಲ ಎಂಬ ಮಾತಿನಿಂದಲೇ ಶುರುಮಾಡಿ. ಅವರು ಒಪ್ಪಿದರೆ ಬೆಸುಗೆಯಿಂದ ಒಂದು ಸಿಪ್ಪೆ ಕೆತ್ತುತ್ತಿದ್ದ, ಹೆಂಡತಿ ಕಡ್ಡಿ ಗೀರಿ ಸುಟ್ಟು ಮೂಸುತ್ತಿದ್ದಳು. ಅವಳು ಮೇಣದಬತ್ತಿ ಎಂದರೆ ತನ್ನ ಬೆಸುಗೆಯನ್ನು ತಾನೇ ಮೀಟಿ ಕಿತ್ತು, ಬಿರುಕು ಬಿಟ್ಟ ಸೀಟನ್ನು ಅವರ ಕೈಗೆ ಕೊಟ್ಟು, ಇದರ ಮೇಲೆ ಕೂರಬೇಡಿ ಎನ್ನುತ್ತಿದ್ದ. ಚೆನ್ನಾಗಿದ್ದ ಸೀಟು ಹಾಳು ಮಾಡಿದ ಎಂದು ಬೈದವರೇ ಹೆಚ್ಚು. ಒಬ್ಬ ಅವನ ಕೊರಳಪಟ್ಟಿ ಹಿಡಿದಿದ್ದ.

ಬ್ರೆಡ್ಡಿನ ಕಾರ್ಖಾನೆಯ ಗೇಟಿನಲ್ಲಿ ಹೆಂಡತಿಗೆ ಸುದ್ದಿ ಸಿಕ್ಕಿತು. ಮಗುವಿನ ಪಟ್ಟಿ ಬಿಚ್ಚಿದ್ದರು. ಆ ಕಣ್ಣಿಗೆ ಬೆಳಕು ತಿಳಿಯುತ್ತದಂತೆ, ಮುಖ ತಿಳಿಯುವುದಿಲ್ಲವಂತೆ. ತಾಯಿ ಈಗ ನಡೆದೇ ಕೆಲಸಕ್ಕೆ ಬರುತ್ತಾಳೆ. ಇದನ್ನು ಗಂಡನಿಗೆ ಹೇಗೆ ಹೇಳುವುದು ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಕೇಳಿದ ಹಾಗೇ ಹೇಳಿದಳು. ಅವನು ಆ ದಿನವೂ ಸಂಜೆಯವರೆಗೆ ಆಸ್ಪತ್ರೆಯ ಹಿತ್ತಲಿನಲ್ಲಿ ಕಾದ.

ಅಲ್ಲಿ ಒಂದು ಸೈಕಲ್ಲಿನ ಸೀಟಿನಡಿ ಅವನ ಗೀರುಗಳಿದ್ದವು. ಹೊರಗೆ ಬಂದ ಮನುಷ್ಯ ಅವಸರದಲ್ಲಿದ್ದ. ಸೀಟಣ್ಣ ಕೈ ಮುಗಿದು ಮಾತು ಶುರುಮಾಡಿದ. ಅವನು ಅರ್ಧ ಕೇಳಿ, ನನ್ನ ಸೀಟು ಸರಿಯಾಗೇ ಇದೆ, ದಾರಿ ಬಿಡಿ, ಎಂದು ಬೀಗ ತೆಗೆದು ಹತ್ತಿ ಕೂತ. ಸೀಟಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹಿಂದೆ ನಡೆಯತೊಡಗಿದ, ಆಮೇಲೆ ಓಡತೊಡಗಿದ. ಆ ಮನುಷ್ಯ ಒಮ್ಮೆ ತಿರುಗಿ ನೋಡಿದ. ಹೆದರಿಕೊಂಡು ಇನ್ನೂ ಜೋರಾಗಿ ತುಳಿದ.